ಎರಡು ಬೀಗದ ಕೈಯ ಶಿಸ್ತು

ಕಡೂರು

ಚಿ. ಪುಟ್ಟಿ,

ನಿನ್ನ ದೊಡ್ಡಮ್ಮ ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿ ತುಂಬಿಸಿಟ್ಟಿದ್ದಾಳೆ. ಭಾನುವಾರ ಬರುತ್ತೀಯೋ ಇಲ್ಲವೋ ಎಂದು ದಿನಕ್ಕೊಮ್ಮೆ ನನ್ನನ್ನು ಕೇಳುತ್ತಾಳೆ. ಅಜ್ಜಂಪುರದ ನೀರು, ರೂಮು ಎರಡೂ ಒಗ್ಗಿದವೆಂದು ತಿಳಿದು ನಿನ್ನಪ್ಪನಿಗೂ ಸಮಾಧಾನವಾಗಿದೆ.

ನೀನು ಫೋನಿನಲ್ಲಿ ಹೇಳಿದ್ದು ತಲೆಯಿಂದ ಹೋಗಿಲ್ಲ ಕಣಮ್ಮ. ನೀನು ಕೆಲಸ ಮಾಡುವ ಕೃಷಿ ಪತ್ತಿನ ಸಂಘದ ಆಫೀಸಿನಲ್ಲಿ ಎಲ್ಲರಿಗೂ ಒಂದೇ ಲಾಗಿನ್. ಪಾಸ್‌ವರ್ಡ್ ಬರೆದ ಚೀಟಿ ಮಾನಿಟರಿಗೇ ಅಂಟಿದೆ. ಕಾರ್ಯದರ್ಶಿಗಳ ಡಿಜಿಟಲ್ ಸಹಿಯ ಡೋಂಗಲ್ ಬೆಳಿಗ್ಗೆಯಿಂದ ಸಂಜೆವರೆಗೂ ಕಂಪ್ಯೂಟರಿನಲ್ಲೇ ಇರುತ್ತದೆ, ಅದರ ಪಿನ್ ಅಟೆಂಡರಿಗೂ ಗೊತ್ತು. ಇದು ಸರಿಯಲ್ಲ ಎಂದು ನೀನು ಹೇಳಿದರೆ, "ಬೆಂಗಳೂರಿನ ದೊಡ್ಡ ದೊಡ್ಡ ಬ್ಯಾಂಕು ಬಿಟ್ಟು ನಮ್ಮಂಥ ಸಣ್ಣ ಸಂಘಕ್ಕೆ ಯಾವ ಹ್ಯಾಕರ್ ಬರ್ತಾನಮ್ಮ" ಎಂದು ನಕ್ಕರಂತೆ. "ಮಾತಿಗೆ ಬೆಲೆ ಇಲ್ಲದ ಕಡೆ ಇರಬೇಕಾ ದೊಡ್ಡಪ್ಪ" ಎಂದು ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿದರೆ ಅರ್ಧವೇ ಆದೀತು. ಅದಕ್ಕೇ ಈ ಕಾಗದ.

ಮೊದಲು ಅವರ ನಗೆಯ ವಿಚಾರ. 2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಕೆಲಸ ಮಾಡಲಿಲ್ಲ, ಎಟಿಎಂನಲ್ಲಿ ದುಡ್ಡು ಬರಲಿಲ್ಲ. ಅವು ಸಹಕಾರಿ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು. ಅವುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ದಾಳಿಯಾಗಿತ್ತು. ಬೇರೆ ಕಡೆಗೆ ಹರಡಬಾರದೆಂದು, ಯುಪಿಐ ಜಾಲ ನಡೆಸುವ ಎನ್‌ಪಿಸಿಐ ಆ ಕಂಪನಿಯ ಸಂಪರ್ಕವನ್ನೇ ಕಡಿದು ಹಾಕಿತು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ ಇದನ್ನು ಕೆದಕಿ ನೋಡಿ ಹೇಳಿದ್ದೇನೆಂದರೆ, ಸಿ-ಎಡ್ಜ್ ಜೊತೆ ವ್ಯವಹಾರವಿದ್ದ ಇನ್ನೊಂದು ಕಂಪನಿ ತನ್ನ ಒಂದು ಸರ್ವರನ್ನು ಸರಿಯಾಗಿ ಭದ್ರಪಡಿಸಿರಲಿಲ್ಲ, ಕಳ್ಳರು ಅಲ್ಲಿಂದ ಒಳಗೆ ಬಂದರು. ಅಂದರೆ ಯಾರೋ ಎಲ್ಲೋ ಮಾಡಿದ ಉದಾಸೀನಕ್ಕೆ ಹಳ್ಳಿಯ ಖಾತೆದಾರ ಎಟಿಎಂ ಮುಂದೆ ಬರಿಗೈಯಲ್ಲಿ ನಿಂತ.

ನಿಮ್ಮ ಸಂಘವೂ ಈಗ ಇಂಥ ಸರಪಳಿಯ ಒಂದು ಕೊಂಡಿ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಕಂಪ್ಯೂಟರೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಾಗಾಗಿ ಬೆಳೆ ಸಾಲದ ಪುಸ್ತಕ, ಗೊಬ್ಬರದ ದಾಸ್ತಾನು, ಪಿಗ್ಮಿ ಲೆಕ್ಕ ಎಲ್ಲವೂ ಒಂದೇ ಪರದೆಗೆ ಬರುತ್ತಿವೆ. ಕಳ್ಳರ ತಂತ್ರಾಂಶ ಊರಿನ ಹೆಸರು ಕೇಳುವುದಿಲ್ಲ. ಹಳೆಯದಾದ ವಿಂಡೋಸ್ ಎಲ್ಲಿದೆ, ಊಹಿಸಬಹುದಾದ ಪಾಸ್‌ವರ್ಡ್ ಎಲ್ಲಿದೆ ಎಂದು ಹಗಲೂ ರಾತ್ರಿ ತಾನೇ ಹುಡುಕುತ್ತಿರುತ್ತದೆ. ಸಣ್ಣವರೆಂಬುದು ರಕ್ಷಣೆಯಲ್ಲ. ಸಣ್ಣ ಸಂಘದಲ್ಲಿ ಕಾವಲು ಕಡಿಮೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಇನ್ನು ನಿನ್ನ ವಿಚಾರ. ನೀನು ಬಿಸಿಎ ಓದಿದವಳು, ಫೈರ್‌ವಾಲ್, ಆಂಟಿವೈರಸ್ ಎಲ್ಲ ನಿನಗೆ ಗೊತ್ತು. ನನಗೆ ಗೊತ್ತಿರುವುದು ಆಫೀಸು. ಬೀರೂರಿನಲ್ಲಿ ರೈಲು ಹಳಿ ಕವಲೊಡೆದು ಒಂದು ತರೀಕೆರೆ ಕಡೆಗೆ, ಇನ್ನೊಂದು ಅಜ್ಜಂಪುರದ ಕಡೆಗೆ ಹೋಗುತ್ತದಲ್ಲ, ನನ್ನ ಸರ್ವೀಸು ಆ ಎರಡೂ ಹಳಿಗಳ ಆಸುಪಾಸಿನ ಸಹಕಾರ ಸಂಘಗಳಲ್ಲೇ ಕಳೆಯಿತು. ಆ ಅನುಭವದಿಂದ ಹೇಳುತ್ತೇನೆ, ನೀವು ಸೈಬರ್ ಭದ್ರತೆ ಎನ್ನುವುದರಲ್ಲಿ ಮುಕ್ಕಾಲು ಪಾಲು ನಮ್ಮ ಹಳೇ ಆಫೀಸಿನ ಶಿಸ್ತೇ. ಕಾಗದದಿಂದ ಕಂಪ್ಯೂಟರಿಗೆ ಬರುವಾಗ ಲೆಕ್ಕ ಬಂತು, ಶಿಸ್ತು ದಾರಿಯಲ್ಲಿ ಉಳಿಯಿತು.

ತಿಜೋರಿಗೆ ಎರಡು ಬೀಗದ ಕೈ ಇರುತ್ತಿದ್ದವು. ಒಂದು ಕ್ಯಾಷಿಯರ್ ಹತ್ತಿರ, ಇನ್ನೊಂದು ಕಾರ್ಯದರ್ಶಿ ಹತ್ತಿರ. ಇಬ್ಬರೂ ಎದುರಿಗೆ ನಿಂತರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಒಬ್ಬರು ರಜೆ ಹೋದರೆ ಕೈ ಯಾರಿಗೆ, ಎಷ್ಟು ಗಂಟೆಗೆ ಕೊಟ್ಟರೆಂದು ರಿಜಿಸ್ಟರಿನಲ್ಲಿ ಇಬ್ಬರ ರುಜು ಬೀಳುತ್ತಿತ್ತು. ಸಂಜೆ ಕಿರ್ದಿ ಮುಗಿಸಿ, ಶಿಲ್ಕು ತಾಳೆಯಾಗದೆ ಯಾರೂ ಮನೆಗೆ ಹೊರಡುವಂತಿರಲಿಲ್ಲ. ಕ್ಯಾಷಿಯರ್ ಎಷ್ಟೇ ಸತ್ಯವಂತನಾಗಿರಲಿ, ಕಾರ್ಯದರ್ಶಿ ಅಧ್ಯಕ್ಷರ ಷಡ್ಡಕನೇ ಆಗಿರಲಿ, ನಿಯಮ ನಿಯಮವೇ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಂದಿನಿಂದ ಈ ಚಳವಳಿ ನಿಂತಿರುವುದು ನಂಬಿಕೆಯ ಮೇಲೆ, ನಿಜ. ಆದರೆ ಆ ನಂಬಿಕೆಗೆ ಆಧಾರ ಪುಸ್ತಕ, ರುಜು, ತಪಾಸಣೆ.

ಈಗ ಅದೇ ನಿಯಮವನ್ನು ಪರದೆಯ ಮೇಲೆ ಇಟ್ಟು ನೋಡು. ಹಣ ವರ್ಗಾವಣೆಗೆ ಒಬ್ಬರು ಎಂಟ್ರಿ ಹಾಕಬೇಕು, ಇನ್ನೊಬ್ಬರು ತಮ್ಮ ಕಂಪ್ಯೂಟರಿನಲ್ಲಿ, ತಮ್ಮ ಲಾಗಿನ್‌ನಲ್ಲಿ ಅದನ್ನು ಪಾಸ್ ಮಾಡಬೇಕು. ಒಟಿಪಿ ಬರುವ ಮೊಬೈಲು ಎರಡನೆಯವರ ಹತ್ತಿರ ಇರಬೇಕು. ಗ್ರಾಮ ಪಂಚಾಯಿತಿಯ ಪಾವತಿಗೆ ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಸಹಿ ಬೇಕೆಂಬ ನಿಯಮದ ಉದ್ದೇಶವೂ ಇದೇ. ಇಬ್ಬರ ಡೋಂಗಲೂ ಒಬ್ಬರ ಡ್ರಾಯರಿನಲ್ಲಿದ್ದರೆ ತಿಜೋರಿಯ ಎರಡೂ ಕೈಗಳು ಒಂದೇ ಗೊಂಚಲಿನಲ್ಲಿ ಇದ್ದಂತೆ. ಡೋಂಗಲ್ ಎಂದರೆ ಸಹಿ. ಖಾಲಿ ಚೆಕ್ಕಿನ ಮೇಲೆ ರುಜು ಹಾಕಿ ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗುತ್ತೀರಾ ಎಂದು ಕಾರ್ಯದರ್ಶಿಗಳನ್ನು ಮೆಲ್ಲಗೆ ಕೇಳು, ಅವರಿಗೆ ಥಟ್ಟನೆ ಅರ್ಥವಾಗುತ್ತದೆ.

ಒಬ್ಬೊಬ್ಬರಿಗೂ ಅವರವರದೇ ಲಾಗಿನ್ ಬೇಕೆಂಬುದು ನಿಮ್ಮ ಮೇಲಿನ ಅನುಮಾನದಿಂದಲ್ಲ, ನಿಮ್ಮ ಮಾನ ಕಾಯಲು. 2000ದ ಸುಮಾರಿಗೆ ಪಹಣಿಗಳಿಗೆ ಭೂಮಿ ತಂತ್ರಾಂಶ ತಂದಾಗ ತಾಲ್ಲೂಕು ಕಚೇರಿಯ ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕೆಂದು ಮಾಡಿದ್ದರು. ಮ್ಯುಟೇಶನ್ ಮಾಡಿದವರು ಯಾರೆಂಬುದಕ್ಕೆ ಆಮೇಲೆ ವಾದವೇ ಇಲ್ಲ. ಒಂದೇ ಲಾಗಿನ್ ಇರುವ ಆಫೀಸಿನಲ್ಲಿ ಹಣ ಮಾಯವಾದ ದಿನ ಮೊದಲು ಅನುಮಾನ ಬೀಳುವುದು ಕಂಪ್ಯೂಟರ್ ಬಲ್ಲವರ ಮೇಲೆ, ಅಂದರೆ ನಿನ್ನ ಮೇಲೆ. ಆಡಳಿತ ಮಂಡಳಿ ಸಂಘಕ್ಕಾಗಿ ಒಪ್ಪದಿದ್ದರೂ, ನಿನ್ನ ಸಲುವಾಗಿ ನೀನು ಪಟ್ಟು ಹಿಡಿಯಲೇಬೇಕಾದ ಮಾತು ಇದು.

ಪಾಸ್‌ವರ್ಡ್ ನೆನಪಿರುವುದಿಲ್ಲ ಎನ್ನುವ ಹಿರಿಯರಿಗೆ ಒಂದು ಉಪಾಯ ಹೇಳಿಕೊಡು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳು ಸಾಕು, ಈರುಳ್ಳಿ, ರೈಲು, ಕಂಬಳಿ, ಗಡಿಯಾರ ಎಂಬ ಹಾಗೆ. ಉದ್ದವಿದ್ದಷ್ಟೂ ಯಂತ್ರಕ್ಕೆ ಊಹಿಸುವುದು ಕಷ್ಟ, ಮನುಷ್ಯರಿಗೆ ನೆನಪಿಡುವುದು ಸುಲಭ. ಮಕ್ಕಳ ಹೆಸರು, ಮನೆದೇವರ ಹೆಸರು, ಹುಟ್ಟಿದ ಇಸವಿ ಬೇಡ. ಅವೆಲ್ಲ ಊರಿಗೇ ಗೊತ್ತಿರುತ್ತವೆ.

ಪುಟ್ಟಿ, ಎರಡು ದೊಡ್ಡ ಕಳ್ಳತನಗಳ ಕತೆಯನ್ನು ನಿಮ್ಮ ಆಫೀಸಿನಲ್ಲಿ ಕಾಫಿ ಹೊತ್ತಿನಲ್ಲಿ ಹೇಳು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿಗೂ ಹೆಚ್ಚು ಹಣ ಹೋಯಿತು. ನೂರು ವರ್ಷ ದಾಟಿದ ಬ್ಯಾಂಕು ಅದು. ಕಳ್ಳರು ಬ್ಯಾಂಕಿನ ವ್ಯವಸ್ಥೆಯೊಳಗೆ ನುಸುಳಿ, ನಕಲಿ ಕಾರ್ಡುಗಳಿಗೆ ಅಲ್ಲಿಂದಲೇ "ಸರಿ" ಎಂಬ ಉತ್ತರ ಹೋಗುವ ಹಾಗೆ ಮಾಡಿದರು. ಒಂದು ಶನಿವಾರ ಕೆಲವೇ ಗಂಟೆಗಳಲ್ಲಿ 28 ದೇಶಗಳ ಎಟಿಎಂಗಳಲ್ಲಿ ಹಣ ಎಳೆದರು. ಸೋಮವಾರ ಮತ್ತೆ 13.92 ಕೋಟಿಯನ್ನು ಹಾಂಗ್‌ಕಾಂಗ್‌ನ ಒಂದು ಖಾತೆಗೆ ಕಳಿಸಿದರು.

ಇನ್ನೊಂದು ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನದು. 2016ರ ಫೆಬ್ರವರಿಯ ಒಂದು ಗುರುವಾರ ರಾತ್ರಿ, ಮರುದಿನ ಅಲ್ಲಿ ವಾರದ ರಜೆ ಎಂದು ನೋಡಿಕೊಂಡು ನುಗ್ಗಿದರು. ಸುಮಾರು 95 ಕೋಟಿ ಡಾಲರ್ ಎತ್ತುವ ಹವಣಿಕೆ. 8.1 ಕೋಟಿ ಡಾಲರ್ ಕೈಬಿಟ್ಟೇ ಹೋಯಿತು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ಉಳಿಯಿತು, ಕಾರಣ ಪಾವತಿ ಆದೇಶದಲ್ಲಿದ್ದ ಸಂಸ್ಥೆಯ ಹೆಸರಿನ ಸ್ಪೆಲ್ಲಿಂಗ್ ತಪ್ಪಾಗಿತ್ತು. ದಾರಿಯಲ್ಲಿದ್ದ ಇನ್ನೊಂದು ಬ್ಯಾಂಕಿನವರು, ಯಾಕೋ ಸರಿ ಕಾಣುತ್ತಿಲ್ಲ, ಒಮ್ಮೆ ಕೇಳೋಣ ಎಂದು ತಡೆದರು. ಅಷ್ಟು ದೊಡ್ಡ ಮೊತ್ತ ಉಳಿದದ್ದು ಒಂದು ಪ್ರಶ್ನೆಯಿಂದ.

ಈ ಎರಡರಿಂದಲೂ ನಮ್ಮ ಮಟ್ಟಕ್ಕೆ ಇಳಿಸಿಕೊಳ್ಳಬೇಕಾದದ್ದು ಇದೆ. ಕಳ್ಳರು ರಜೆ ನೋಡಿ ಬರುತ್ತಾರೆ. ಎರಡನೇ ಶನಿವಾರ, ಯುಗಾದಿ, ದೀಪಾವಳಿಯ ಹಿಂದಿನ ಸಂಜೆ ಬರುವ "ತುರ್ತು ಪಾವತಿ"ಗೆ ಇಮ್ಮಡಿ ಎಚ್ಚರ ಬೇಕು. ನಮ್ಮ ಕಡೆಯಂತೂ ದೊಡ್ಡ ಮೊತ್ತದ ವ್ಯವಹಾರ ಹೆಚ್ಚು. ಬೀರೂರಿನ ಅಡಿಕೆ, ಕಡೂರಿನ ಕೊಬ್ಬರಿ, ಅಜ್ಜಂಪುರದ ಈರುಳ್ಳಿ, ತರೀಕೆರೆಯ ತೋಟದವರ ಗೊಬ್ಬರ, ಎಲ್ಲದರಲ್ಲೂ ಸುಗ್ಗಿಯಲ್ಲಿ ಲಕ್ಷಗಳು ಓಡಾಡುತ್ತವೆ. ಗೊಬ್ಬರ ಸರಬರಾಜು ಮಾಡುವ ಕಂಪನಿಯ ಹೆಸರಿನಲ್ಲಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಾರಿಯ ಬಿಲ್ಲು ಹೊಸ ಖಾತೆಗೆ ಹಾಕಿ" ಎಂದು ಒಂದು ಮೇಲ್ ಅಥವಾ ವಾಟ್ಸ್ಯಾಪ್ ಬಂದರೆ, ಅದರಲ್ಲೇ ಇರುವ ನಂಬರಿಗೆ ಫೋನ್ ಮಾಡಬೇಡ. ಫೈಲಿನಲ್ಲಿರುವ ಹಳೇ ನಂಬರಿಗೆ ಮಾಡು. ಅಧ್ಯಕ್ಷರ ಫೋಟೋ ಇಟ್ಟುಕೊಂಡ ಹೊಸ ನಂಬರಿನಿಂದ "ಮೀಟಿಂಗಿನಲ್ಲಿದ್ದೇನೆ, ಬೇಗ ಹಣ ಹಾಕು" ಎಂದು ಬಂದರೂ ಅಷ್ಟೇ. ಈಗ ದನಿಯನ್ನೂ ನಕಲು ಮಾಡುತ್ತಾರೆ. ವಾಪಸ್ ಫೋನ್ ಮಾಡಿ ಕೇಳುವುದನ್ನು ಅಗೌರವ ಎಂದುಕೊಳ್ಳಬಾರದೆಂದು ಅಧ್ಯಕ್ಷರೇ ಒಂದು ಸಭೆಯಲ್ಲಿ ಎಲ್ಲರ ಮುಂದೆ ಹೇಳಿದರೆ, ಅದಕ್ಕಿಂತ ದೊಡ್ಡ ಆಂಟಿವೈರಸ್ ಇಲ್ಲ.

ನಮ್ಮ ರಾಜ್ಯದ್ದೂ ಹೇಳಬೇಕು. 2019ರಲ್ಲಿ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲಿಗೇ ನುಗ್ಗಿ, ಗುತ್ತಿಗೆದಾರರು ಟೆಂಡರಿಗೆ ಕಟ್ಟಿದ್ದ ಇಎಂಡಿ ಠೇವಣಿ ಸುಮಾರು 11.5 ಕೋಟಿಯನ್ನು ಬೇರೆ ಖಾತೆಗಳಿಗೆ ತಿರುಗಿಸಿದರು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಪೋರ್ಟಲಿನ ಮೇಲೆ ನಕಲಿ ಕೋರಿಕೆಗಳ ಮಳೆ ಸುರಿಸಿ ಅದನ್ನು ನಿಲ್ಲಿಸಿಬಿಟ್ಟರು. ಬೆಂಗಳೂರಿನ ಒಂದು ಪೋರ್ಟಲ್ ನಿಂತರೆ ರಾಜ್ಯದ ಎಲ್ಲ ಸಬ್ ರಿಜಿಸ್ಟ್ರಾರ್ ಕಚೇರಿಗಳೂ ನಿಲ್ಲುತ್ತವೆ ಎಂದು ಆಗ ಎಲ್ಲರಿಗೂ ಗೊತ್ತಾಯಿತು.

ಅದಕ್ಕೂ ಮುಂಚೆ, 2023ರಲ್ಲಿ, ಹೆಚ್ಚು ಗಾಬರಿ ಹುಟ್ಟಿಸಿದ ಪ್ರಕರಣಗಳು ನಡೆದವು. ನೋಂದಣಿಯಾದ ಕ್ರಯಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಎತ್ತಿಕೊಂಡು, ನಕಲಿ ಬೆರಳಚ್ಚು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಜನರ ಖಾತೆಯಿಂದ ಹಣ ತೆಗೆದರು. ಒಟಿಪಿ ಇಲ್ಲ, ಕಾರ್ಡ್ ಇಲ್ಲ, ಖಾತೆದಾರ ಯಾವ ತಪ್ಪನ್ನೂ ಮಾಡಿಲ್ಲ. ತಪ್ಪು ಆ ಮಾಹಿತಿಯನ್ನು ಇಟ್ಟುಕೊಂಡವರ ಕಡೆಯದು. ಆಮೇಲೆ ನೋಂದಣಿ ಇಲಾಖೆ ಬೆರಳಚ್ಚು ಕಾಣದಂತೆ ಮಾಡಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ.

ನಿಮ್ಮ ಸಂಘದ ಬೀರುವಿನಲ್ಲೂ ಪ್ರತಿ ಸದಸ್ಯರ ಆಧಾರ್, ಪಾನ್, ಪಹಣಿ, ಪಾಸ್‌ಬುಕ್ಕಿನ ಜೆರಾಕ್ಸ್ ಇದೆ. ಸಾಲದ ಅರ್ಜಿಗೆ ಎರಡು ಪ್ರತಿ ಸಾಕಾಗುವ ಕಡೆ ನಾಲ್ಕು ತರಿಸುವ ಚಾಳಿ ನಮ್ಮದು. ಉಳಿದವು ಹಳೇ ಪೇಪರಿನ ಜೊತೆ ಗುಜರಿಗೆ ಹೋಗಿ, ಸಂತೆಯಲ್ಲಿ ಕಡಲೆಕಾಯಿ ಪೊಟ್ಟಣವಾಗುತ್ತವೆ. ಬೇಕಾದಷ್ಟನ್ನೇ ಪಡೆಯಿರಿ, ಬೇಡವಾದದ್ದನ್ನು ಹರಿದು ಸುಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುವ ಕಡೆ ಪೂರ್ತಿ ಸಂಖ್ಯೆ ಕೇಳಬೇಡಿ. ಸದಸ್ಯರ ಪಟ್ಟಿಯನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಬೇಡಿ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನಿಗೆ 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದಿವೆ. ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಅವಕಾಶ ಕೊಟ್ಟಿದ್ದಾರೆ. ಭದ್ರತೆಯಲ್ಲಿ ಎಡವಿದವರಿಗೆ ದಂಡ 250 ಕೋಟಿ ರೂಪಾಯಿವರೆಗೂ ಆಗಬಹುದು. ಕಾನೂನಿನ ಭಯಕ್ಕಿಂತ ಹೆಚ್ಚಾಗಿ, ಹೆಬ್ಬೆಟ್ಟೊತ್ತಿ ಹೋದ ಅಜ್ಜಿಯ ಮುಖ ನೆನಪಿಟ್ಟುಕೋ. ಆಕೆ ತನ್ನ ಗುರುತನ್ನು ನಿಮ್ಮ ಕೈಗೆ ಕೊಟ್ಟು ಹೋಗಿದ್ದಾಳೆ.

ಆಫೀಸಿನ ಕಂಪ್ಯೂಟರ್ ಆಫೀಸಿಗೆ ಮಾತ್ರ ಎಂಬುದನ್ನು ಕಟ್ಟುನಿಟ್ಟು ಮಾಡು. 2025ರ ಜುಲೈನಲ್ಲಿ ಬೆಂಗಳೂರಿನ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೊ ಕಂಪನಿಯಿಂದ 4.4 ಕೋಟಿ ಡಾಲರ್ ಕಳುವಾಯಿತು. ಪೊಲೀಸರ ತನಿಖೆಯ ಪ್ರಕಾರ, ನೌಕರನೊಬ್ಬ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಹೊರಗಿನವರಿಗೆ ಪಾರ್ಟ್‌ಟೈಮ್ ಕೆಲಸ ಮಾಡಿಕೊಡುತ್ತಿದ್ದ, ಕಳ್ಳರಿಗೆ ದಾರಿಯಾದದ್ದು ಆ ಲ್ಯಾಪ್‌ಟಾಪೇ. ಅಂಥ ಕಂಪನಿಯಲ್ಲೇ ಹೀಗಾದರೆ, ಮದುವೆಯ ಲಗ್ನಪತ್ರಿಕೆ, ಪಿಎಂ ಕಿಸಾನ್, ಟ್ರಾಫಿಕ್ ದಂಡ ಎಂಬ ಹೆಸರಿನಲ್ಲಿ ವಾಟ್ಸ್ಯಾಪಿಗೆ ಬರುವ, ಆಪ್ ಕೂರಿಸುವ ಎಪಿಕೆ ಫೈಲನ್ನು ಒತ್ತಿಬಿಡುವ ನಮ್ಮವರ ಪಾಡೇನು? ಲಗ್ನಪತ್ರಿಕೆಗೆ ಆಪ್ ಯಾಕೆ ಬೇಕು ಎಂದು ಕೇಳಿಕೊಂಡರೆ ಸಾಕು. ಒಟಿಪಿ ಬರುವ ಫೋನಿನಲ್ಲಿ ಇಂಥದ್ದು ಒಮ್ಮೆ ಕೂತರೆ ಬಂದ ಮೆಸೇಜುಗಳೆಲ್ಲ ಕಳ್ಳನಿಗೂ ಹೋಗುತ್ತವೆ. "ತಂತ್ರಾಂಶ ರಿಪೇರಿ ಮಾಡ್ತೀವಿ, ಎನಿಡೆಸ್ಕ್ ಹಾಕಿಕೊಳ್ಳಿ" ಎಂದು ಯಾರಾದರೂ ಫೋನ್ ಮಾಡಿದರೂ, ಅದು ನಿಮ್ಮ ಕಂಪ್ಯೂಟರನ್ನು ಅವರ ಕೈಗೆ ಕೊಡುವ ಆಪ್, ಮೊದಲು ಜಿಲ್ಲಾ ಕಚೇರಿಗೆ ಕೇಳಿ.

ಬ್ಯಾಕಪ್ ಮತ್ತು ಅಪ್‌ಡೇಟ್ ಬಗ್ಗೆ ನಿನಗೆ ನಾನು ಹೇಳುವುದು ಅಧಿಕಪ್ರಸಂಗವಾದೀತು. ಆದರೂ ಆಡಳಿತ ಮಂಡಳಿಗೆ ಹೇಳಲು ಉದಾಹರಣೆ ಕೊಡುತ್ತೇನೆ. 2017ರ ಮೇ 12ರಂದು ವನ್ನಾಕ್ರೈ ಎಂಬ ರಾನ್ಸಮ್‌ವೇರ್ ನೂರೈವತ್ತರಷ್ಟು ದೇಶಗಳಲ್ಲಿ ಹರಡಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಕೆಟ್ಟರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ನಮ್ಮ ಕಡೆಯ ಎಷ್ಟೋ ಕಚೇರಿಗಳಲ್ಲಿ ಇನ್ನೂ ಅದೇ ಓಡುತ್ತಿದೆ, ಅದೂ ಕೆಲವು ಕಡೆ ಕ್ರ್ಯಾಕ್ ಮಾಡಿದ್ದು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳನ್ನು ರಾನ್ಸಮ್‌ವೇರ್ ಹಿಡಿದಾಗ ಅಷ್ಟು ದೊಡ್ಡ ಆಸ್ಪತ್ರೆಯವರು ದಿನಗಟ್ಟಲೆ ಚೀಟಿಯನ್ನು ಕೈಯಲ್ಲೇ ಬರೆದರು. ಬ್ಯಾಕಪ್ ಇದ್ದದ್ದರಿಂದ ಮಾಹಿತಿ ಮರಳಿ ಸಿಕ್ಕಿತು. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಆಫೀಸಿನ ಹೊರಗೆ, ಇದು ಲೋಕವೆಲ್ಲ ಒಪ್ಪಿದ ಲೆಕ್ಕ. ಹೊರಗಿನ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟರೆ ಅದೂ ಜೊತೆಗೇ ಹಾಳಾಗುತ್ತದೆ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಬ್ಬ ಸದಸ್ಯರ ಲೆಕ್ಕ ತೆಗೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಯಾರಾದರೂ ಎಡವುತ್ತಾರೆ. ಆಗ ಏನು ಮಾಡಬೇಕೆಂಬುದು ಎಲ್ಲಕ್ಕಿಂತ ಮುಖ್ಯ. ನಮ್ಮ ಆಫೀಸುಗಳ ದೊಡ್ಡ ರೋಗ ಮುಚ್ಚಿಡುವುದು. ಬೈಸಿಕೊಳ್ಳುವ ಹೆದರಿಕೆಗೆ ಗುಮಾಸ್ತ ಸಂಜೆವರೆಗೆ ಬಾಯಿ ಬಿಡುವುದಿಲ್ಲ. ಸಂಘದ ಹೆಸರು ಕೆಡುತ್ತದೆಂದು ಕಾರ್ಯದರ್ಶಿ ಸೋಮವಾರದವರೆಗೆ ಕಾಯುತ್ತಾರೆ. ಅಷ್ಟರಲ್ಲಿ ಹಣ ಹತ್ತಾರು ಖಾತೆ ದಾಟಿರುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿದರೆ ಆ ಖಾತೆಗಳಲ್ಲಿ ಹಣ ತಡೆಹಿಡಿಸುವ ವ್ಯವಸ್ಥೆ ಇದೆ. ಅದರಲ್ಲಿ ಮೊದಲ ಒಂದೆರಡು ಗಂಟೆಗೇ ಬೆಲೆ. ಚಿಕ್ಕಮಗಳೂರಿನಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ. ಸಂಸ್ಥೆಗಳು ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು 2022ರ ಏಪ್ರಿಲ್‌ನಲ್ಲೇ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಿರ್ದೇಶನ ಕೊಟ್ಟಿದೆ. 2024 ಒಂದೇ ವರ್ಷದಲ್ಲಿ ದೇಶದ ಜನ ಸೈಬರ್ ವಂಚನೆಯಲ್ಲಿ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಅಷ್ಟು ಜನರಿಗೆ ಆಗಿರುವಾಗ ನಾಚಿಕೊಳ್ಳುವುದಕ್ಕೇನಿದೆ?

ಇನ್ನು ನಿನ್ನ ಕೊನೆಯ ಪ್ರಶ್ನೆ, ಮಾತಿಗೆ ಬೆಲೆ ಇಲ್ಲದ ಕಡೆ ಇರಬೇಕೇ ಎಂಬುದು. ಇರಬೇಕು ಕಣಮ್ಮ. ಆದರೆ ಮಾತು ಆಡುವ ಜಾಗ ಬದಲಿಸು. ಕಾರ್ಯದರ್ಶಿಗಳ ಮೇಜಿನ ಮುಂದೆ ನಿಂತು ಹೇಳಿದ್ದು ಗಾಳಿಯಲ್ಲಿ ಹೋಗುತ್ತದೆ. ಒಂದು ಪುಟದ ಟಿಪ್ಪಣಿ ಬರೆದು, ಆಡಳಿತ ಮಂಡಳಿ ಸಭೆಯ ಅಜೆಂಡಾಕ್ಕೆ ಸೇರಿಸಲು ಕೇಳು. ನಡಾವಳಿ ಪುಸ್ತಕಕ್ಕೆ ಬಂದ ವಿಷಯವನ್ನು ಆಡಿಟರ್ ನೋಡುತ್ತಾರೆ, ಮುಂದಿನ ಸಭೆ ಅದರ ಪಾಲನೆ ಏನಾಯಿತೆಂದು ಕೇಳಲೇಬೇಕಾಗುತ್ತದೆ. ಟಿಪ್ಪಣಿಯಲ್ಲಿ ಇಂಗ್ಲಿಷ್ ಪದಗಳ ಗುಡ್ಡೆ ಹಾಕಬೇಡ. ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್, ಎಂಟ್ರಿ ಒಬ್ಬರದು ಪಾಸ್ ಇನ್ನೊಬ್ಬರದು, ಖಾತೆ ಬದಲಾವಣೆಗೆ ಹಳೇ ನಂಬರಿಗೆ ಫೋನ್, ವಾರಕ್ಕೊಮ್ಮೆ ಬ್ಯಾಕಪ್, ಕೆಲಸ ಬಿಟ್ಟವರ ಲಾಗಿನ್ ಅವತ್ತೇ ರದ್ದು. ಈ ಐದಕ್ಕೆ ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಖರ್ಚಿಲ್ಲದ್ದನ್ನು ಯಾವ ನಿರ್ದೇಶಕರೂ ವಿರೋಧಿಸುವುದಿಲ್ಲ.

ಹಿರಿಯ ನೌಕರರನ್ನು ಕಂಪ್ಯೂಟರ್ ಬಾರದವರೆಂದು ಹಗುರವಾಗಿ ನೋಡಬೇಡ. ನಾಲ್ಕಾಣೆ ವ್ಯತ್ಯಾಸಕ್ಕೆ ರಾತ್ರಿ ಎಂಟರವರೆಗೆ ಕಿರ್ದಿ ತಿರುವಿದವರು ಅವರು. ಅವರ ಆ ಹಟವನ್ನು ಪರದೆಯ ಕಡೆಗೆ ತಿರುಗಿಸುವುದಷ್ಟೇ ನಿನ್ನ ಕೆಲಸ. ಅವರು ನಿನ್ನಿಂದ ಲಾಗಿನ್ ಕಲಿಯಲಿ, ನೀನು ಅವರಿಂದ ತಾಳೆ ನೋಡುವುದನ್ನು ಕಲಿ.

ಅನುಮಾನ ಬಂದರೆ ಕೇಳು. ನಿನ್ನನ್ನು ಯಾರಾದರೂ ಕೇಳಿದರೆ ಬೇಸರಿಸದೆ ಹೇಳು. ತಪ್ಪು ಮಾಡಿದೆನೆಂದು ಯಾರಾದರೂ ಬಂದು ಒಪ್ಪಿಕೊಂಡರೆ ಅವರನ್ನು ಬೈಯಲು ಬಿಡಬೇಡ. ಕೇಳುವವರ ಬಾಯಿ ಮುಚ್ಚಿಸಿದ ಸಂಸ್ಥೆಯನ್ನು ಯಾವ ತಂತ್ರಾಂಶವೂ ಉಳಿಸಲಾರದು. ಸದಸ್ಯರ ದುಡ್ಡು ನಿಮ್ಮ ಕೈಯಲ್ಲಿದೆ, ಅದನ್ನು ಕಾಯುವುದು ಕಂಪ್ಯೂಟರ್ ಸೆಕ್ಷನ್ನಿನ ಕೆಲಸ ಎಂದು ಯಾರೂ ಕೈ ತೊಳೆದುಕೊಳ್ಳದ ಹಾಗೆ ನೋಡಿಕೋ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ